ಸಭೆಯಲ್ಲಿ ಬಾಯಿ ಬಿಡಲು ಅಂಜುವವರಿಗೆ ತಾಳಮದ್ದಳೆ: ಕಾಲೇಜು ವಿದ್ಯಾರ್ಥಿಯೊಬ್ಬ ಅರ್ಥ ಹೇಳಲು ಕಲಿಯುವ ಕ್ರಮ

ಉತ್ತರ ಗೊತ್ತಿದ್ದರೂ ತರಗತಿಯಲ್ಲಿ ಕೈ ಎತ್ತದ, ಸೆಮಿನಾರಿನ ದಿನ ಜ್ವರವಾದರೂ ಬರಲೆಂದು ಹಾರೈಸುವ, ವೈವಾ ಪರೀಕ್ಷೆಯ ಮೊದಲ ಪ್ರಶ್ನೆಗೇ ಗಂಟಲು ಒಣಗುವ ವಿದ್ಯಾರ್ಥಿಗಳು ಪ್ರತಿಯೊಂದು ಕಾಲೇಜಿನಲ್ಲಿಯೂ ಇರುತ್ತಾರೆ. ಅಂಥವರಿಗೆ ಧೈರ್ಯ ತಂದುಕೊಳ್ಳಬೇಕೆಂದು ಬುದ್ಧಿ ಹೇಳುವವರು ಬೇಕಾದಷ್ಟು ಮಂದಿ ಸಿಗುತ್ತಾರೆ. ಆ ಧೈರ್ಯವನ್ನು ಎಲ್ಲಿಂದ ತರಬೇಕೆಂದು ತೋರಿಸಿಕೊಡುವವರು ಕಡಿಮೆ. ಕರಾವಳಿಯಲ್ಲಿ, ಕಾಸರಗೋಡಿನಲ್ಲಿ ಮತ್ತು ಮಲೆನಾಡಿನ ಕೆಲವು ಭಾಗಗಳಲ್ಲಿ ಇದಕ್ಕೊಂದು ಹಳೆಯ ದಾರಿ ಇದೆ. ಅದು ತಾಳಮದ್ದಳೆ. ಯಕ್ಷಗಾನದ್ದೇ ಪ್ರಸಂಗ, ಯಕ್ಷಗಾನದ್ದೇ ಹಾಡುಗಾರಿಕೆ. ಆದರೆ ಇಲ್ಲಿ ವೇಷವೂ ಇಲ್ಲ, ಕುಣಿತವೂ ಇಲ್ಲ. ಭಾಗವತರು ಪದ್ಯ ಹೇಳಿ ನಿಲ್ಲಿಸಿದ ಮೇಲೆ, ಎದುರುಬದುರಾಗಿ ಕುಳಿತ ಅರ್ಥಧಾರಿಗಳು ಆ ಪದ್ಯದ ಹುರುಳನ್ನು ತಮ್ಮ ತಮ್ಮ ಪಾತ್ರದ ಮಾತಾಗಿ ಅಲ್ಲಿಯೇ, ಆಗಲೇ ಕಟ್ಟಿ ಹೇಳಬೇಕು. ಬರೆದಿಟ್ಟ ಸಂಭಾಷಣೆ ಇರುವುದಿಲ್ಲ. ಎದುರಿಗಿರುವವರು ಏನು ಕೇಳುತ್ತಾರೆಂಬುದು ಅವರು ಕೇಳುವ ತನಕ ತಿಳಿಯುವುದಿಲ್ಲ.

ಮಾತಿಗೆ ಅಂಜುವವನನ್ನು ಇಂಥ ಕಡೆಗೆ ಕಳುಹಿಸುವುದು ಈಜು ಬಾರದವನನ್ನು ಮಳೆಗಾಲದ ಹೊಳೆಗೆ ಇಳಿಸಿದಂತೆ ಎಂದು ತೋರಬಹುದು. ನನ್ನ ಅನುಭವ ಬೇರೆ. ವಿದ್ಯಾರ್ಥಿಯಾಗಿ ನಾನೂ ಮಾತಾಡಲಾರದವರ ಸಾಲಿನವನೇ ಆಗಿದ್ದೆ. ಈಗ ಕೆಲವು ವರ್ಷಗಳಿಂದ ಕಾಲೇಜಿನ ಮಕ್ಕಳನ್ನು ಕೂಡಿಸಿಕೊಂಡು ಅರ್ಥ ಹೇಳಿಸುತ್ತಿದ್ದೇನೆ. ಅಂಜಿಕೆಯ ಬಹುಪಾಲು ಒಳಗೆ ಸರಕು ಇಲ್ಲದಿರುವುದರಿಂದ ಹುಟ್ಟುತ್ತದೆ, ಉಳಿದ ಪಾಲು ಎದುರಿಗಿರುವವನ ಮಾತನ್ನು ಕೇಳಿಸಿಕೊಳ್ಳದಿರುವುದರಿಂದ ಹುಟ್ಟುತ್ತದೆ ಎಂಬುದು ಇಷ್ಟರಲ್ಲಿ ನನಗೆ ತಿಳಿದುಬಂದಿರುವ ಸಂಗತಿ. ತಾಳಮದ್ದಳೆ ಈ ಎರಡನ್ನೂ ಒಟ್ಟಿಗೆ ತಿದ್ದುತ್ತದೆ. ಮುಂದೆ ಬರೆದಿರುವುದು ಸುಮಾರು ಒಂದು ವರ್ಷದಲ್ಲಿ, ದಿನಕ್ಕೆ ಅರ್ಧ ಗಂಟೆಯಂತೆ, ಪಾಠಪ್ರವಚನಗಳಿಗೆ ತೊಂದರೆಯಾಗದಂತೆ ಮಾಡಬಹುದಾದ ಕ್ರಮ. ಪರೀಕ್ಷೆಯ ತಿಂಗಳಲ್ಲಿ ಇದನ್ನು ನಿಲ್ಲಿಸಿದರೆ ನಷ್ಟವೇನೂ ಆಗದು.

ಮೊದಲ ಮಳೆಗಾಲ ಕೇಳುವುದಕ್ಕೆ

ಯಕ್ಷಗಾನ ಮೇಳಗಳ ತಿರುಗಾಟ ಮೇ ತಿಂಗಳ ಕೊನೆಗೆ, ತುಳು ಪಂಚಾಂಗದ ಪತ್ತನಾಜೆ ಎಂಬ ದಿನದ ಹೊತ್ತಿಗೆ ಮುಗಿಯುತ್ತದೆ. ಆಟ, ಅಂದರೆ ವೇಷ ಕಟ್ಟಿ ಕುಣಿಯುವ ಯಕ್ಷಗಾನ, ನಿಂತ ಮೇಲೆ ಕೂಟ, ಅಂದರೆ ತಾಳಮದ್ದಳೆ, ಏಳುತ್ತದೆ: ಜೂನ್ ತಿಂಗಳಿನಿಂದ ದೀಪಾವಳಿಯ ತನಕ ದೇವಸ್ಥಾನಗಳಲ್ಲಿ, ಶಾಲೆಯ ಸಭಾಂಗಣಗಳಲ್ಲಿ, ಕೆಲವೊಮ್ಮೆ ಮನೆಯ ಚಾವಡಿಯಲ್ಲಿಯೇ ತಾಳಮದ್ದಳೆಗಳು ನಡೆಯುತ್ತವೆ, ವಾರಗಟ್ಟಲೆಯ ಸಪ್ತಾಹಗಳೂ ಇರುತ್ತವೆ. ಬೆಂಗಳೂರಿನಲ್ಲಿಯೂ ಮುಂಬಯಿಯಲ್ಲಿಯೂ ಕರಾವಳಿಯವರು ಸೇರಿ ನಡೆಸುವ ಕೂಟಗಳಿವೆ. ಮೊದಲ ಮಳೆಗಾಲದಲ್ಲಿ ನೀವು ಮಾಡಬೇಕಾದುದು ಕೇಳುವ ಕೆಲಸವೊಂದನ್ನೇ. ನಾಲ್ಕೈದು ಕೂಟಗಳಾದರೂ ಆಗಲಿ, ಒಂದೇ ಪ್ರಸಂಗವನ್ನು ಎರಡು ಬೇರೆ ತಂಡಗಳಿಂದ ಕೇಳುವ ಅವಕಾಶ ಸಿಕ್ಕಿದರೆ ಅದನ್ನು ಬಿಡಬಾರದು. ಹಿಂದಿನ ತಲೆಮಾರಿನ ಶೇಣಿ ಗೋಪಾಲಕೃಷ್ಣ ಭಟ್, ಮಲ್ಪೆ ರಾಮದಾಸ ಸಾಮಗ, ಕುಂಬಳೆ ಸುಂದರ ರಾವ್ ಮೊದಲಾದವರ ಅರ್ಥಗಾರಿಕೆಯ ಧ್ವನಿಮುದ್ರಿಕೆಗಳು ಯೂಟ್ಯೂಬಿನಲ್ಲಿ ಸಿಗುತ್ತವೆ. ಅವುಗಳನ್ನು ಕೇಳಬೇಕು, ಆದರೆ ಅನುಕರಿಸಲು ಹೋಗಬಾರದು; ಶೇಣಿಯವರ ಹಾಗೆ ಮಾತನಾಡುತ್ತೇನೆಂದು ಹೊರಟ ಎಷ್ಟೋ ಹುಡುಗರ ಬಾಯಲ್ಲಿ ಉಳಿದುಕೊಂಡದ್ದು ಅವರ ಕೆಮ್ಮು ಮಾತ್ರ.

ಕೇಳುವಾಗ ಕೈಯಲ್ಲೊಂದು ನೋಟ್‌ಪುಸ್ತಕ ಇರಲಿ. ಚೆನ್ನಾದ ಮಾತುಗಳನ್ನು ಬರೆದುಕೊಳ್ಳುವ ಚಪಲ ಎಲ್ಲರಿಗೂ ಹುಟ್ಟುತ್ತದೆ, ಆದರೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಗಮನಿಸಬೇಕಾದದ್ದು ಹೊಲಿಗೆಯನ್ನು. ಪದ್ಯ ನಿಂತ ಕೂಡಲೇ ಅರ್ಥಧಾರಿ ಯಾವ ಶಬ್ದದಿಂದ ಮಾತನ್ನು ಎತ್ತಿಕೊಂಡರು, ಎದುರಿನವರ ಪ್ರಶ್ನೆಗೆ ನೇರವಾಗಿ ಉತ್ತರಿಸಿದರೋ ಮರುಪ್ರಶ್ನೆ ಹಾಕಿದರೋ, ಮಾತು ಮುಗಿಯುವ ಹೊತ್ತಿಗೆ ಮುಂದಿನ ಪದ್ಯ ಎತ್ತಲು ಭಾಗವತರಿಗೆ ಹೇಗೆ ಸೂಚನೆ ಕೊಟ್ಟರು ಎಂಬ ಮೂರನ್ನು ಗುರುತು ಹಾಕಿಕೊಂಡರೆ ಸಾಕು. ಮೂರನೆಯ ಕೂಟದ ಹೊತ್ತಿಗೆ, ದೊಡ್ಡ ಅರ್ಥಧಾರಿಗಳು ಹೆಚ್ಚು ಮಾತನಾಡುವವರಾಗಿರುವಂತೆಯೇ ಎದುರಿನವರ ಮಾತಿಗೆ ಕಿವಿಗೊಟ್ಟು ಕೂರುವವರೂ ಆಗಿರುತ್ತಾರೆಂಬುದು ನಿಮ್ಮ ಗಮನಕ್ಕೆ ಬರುತ್ತದೆ.

ಈ ಅವಧಿಯಲ್ಲಿಯೇ ಊರಿನ ಯಕ್ಷಗಾನ ಸಂಘವೊಂದನ್ನು ಹುಡುಕಿಕೊಳ್ಳಬೇಕು. ಹಲವು ಕಾಲೇಜುಗಳಲ್ಲಿ ಯಕ್ಷಗಾನ ಸಂಘ ಇರುತ್ತದೆ. ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಯಕ್ಷಗಾನ ಅಧ್ಯಯನ ಕೇಂದ್ರವೇ ಇದೆ. ಹುಡುಗಿಯರು ಹಿಂಜರಿಯಬೇಕಾದ ಕಾರಣವಿಲ್ಲ, ಏಕೆಂದರೆ ಮಹಿಳೆಯರೇ ನಡೆಸುವ ತಾಳಮದ್ದಳೆ ತಂಡಗಳು ಈಗ ಹಲವಿವೆ. ಪುರಾಣ ತಮ್ಮ ಮನೆಯದಲ್ಲ ಎಂದು ಹಿಂದೆ ಸರಿಯುವವರಿಗೆ ಮುಸ್ಲಿಮರಾದ ಅರ್ಥಧಾರಿ ಜಬ್ಬಾರ್ ಸಮೊ ಅವರ ಅರ್ಥವನ್ನು ಒಮ್ಮೆ ಕೇಳಿ ನೋಡುವಂತೆ ನಾನು ಹೇಳುತ್ತೇನೆ. ಬಯಲುಸೀಮೆಯಲ್ಲಿದ್ದು ಕೂಟ ಹತ್ತಿರವಿಲ್ಲದವರು ಗಮಕದ ಕಡೆಗೆ ಹೋಗಬಹುದು: ಒಬ್ಬರು ಕಾವ್ಯವನ್ನು ವಾಚಿಸಿ ಇನ್ನೊಬ್ಬರು ವ್ಯಾಖ್ಯಾನ ಮಾಡುವ ಆ ಕ್ರಮದಲ್ಲಿ ವ್ಯಾಖ್ಯಾನದ ಭಾಗವು ಅರ್ಥಗಾರಿಕೆಗೆ ತೀರ ಹತ್ತಿರದ ನಂಟ.

ಪಾತ್ರ ಆರಿಸುವುದು, ಪದ್ಯ ಬಿಡಿಸುವುದು

ಮೊದಲ ಪಾತ್ರವಾಗಿ ಕೃಷ್ಣನನ್ನಾಗಲಿ ಕೌರವನನ್ನಾಗಲಿ ಯಾರೂ ಕೊಡುವುದಿಲ್ಲ, ಕೊಟ್ಟರೂ ತೆಗೆದುಕೊಳ್ಳಬಾರದು. ದೂತನ ಪಾತ್ರ ಸುಲಭವೆಂದು ತೋರುತ್ತದೆ, ಆದರೆ ಅದರಲ್ಲಿ ಕಲಿಯುವುದಕ್ಕೆ ಏನೂ ಇರುವುದಿಲ್ಲ. ನಾನು ಹೊಸಬರಿಗೆ ಸಾಮಾನ್ಯವಾಗಿ ಕೊಡುವುದು ಕೃಷ್ಣಸಂಧಾನದ ವಿದುರನನ್ನು. ಪದ್ಯಗಳು ಕೆಲವೇ, ಒಟ್ಟು ಮಾತು ಇಪ್ಪತ್ತು ನಿಮಿಷ ಮೀರಬೇಕಾಗಿಲ್ಲ, ಆದರೂ ಪಾತ್ರ ಸಣ್ಣದಲ್ಲ. ಸಭೆಯ ನಡುವೆ ಅವಮಾನಕ್ಕೊಳಗಾಗಿ ಅಲ್ಲಿಯೇ ಉತ್ತರ ಕೊಡಬೇಕಾದವನು ಅವನು. ನಾಲ್ಕು ಜನರ ಮುಂದೆ ಅವಮಾನವಾದೀತೆಂದು ಬಾಯಿ ಕಟ್ಟಿಕೊಂಡಿರುವ ವಿದ್ಯಾರ್ಥಿಗೆ ಇದಕ್ಕಿಂತ ತಕ್ಕ ಪಾತ್ರ ನನಗೆ ಕಂಡಿಲ್ಲ.

ಪ್ರಸಂಗದ ಪುಸ್ತಕಗಳು ಈಗ ಪಿಡಿಎಫ್ ರೂಪದಲ್ಲಿಯೂ ಸಿಗುತ್ತವೆ. ನಿಮ್ಮ ಪಾತ್ರದ ಪದ್ಯಗಳನ್ನೂ ಅವುಗಳ ಹಿಂದುಮುಂದಿನ ಪದ್ಯಗಳನ್ನೂ ಕೈಯಲ್ಲಿಯೇ ಬರೆದುಕೊಳ್ಳಬೇಕು. ಫೋಟೊ ತೆಗೆದಿಟ್ಟುಕೊಂಡರೆ ಪದ್ಯ ಫೋನಿನಲ್ಲಿ ಉಳಿಯುತ್ತದೆಯೇ ಹೊರತು ತಲೆಗೆ ಬರುವುದಿಲ್ಲ. ಬರೆದ ಮೇಲೆ ಸಂಧಿಗಳನ್ನು ಬಿಡಿಸಿ, ತಿಳಿಯದ ಶಬ್ದಗಳಿಗೆ ನಿಘಂಟು ನೋಡಿ, ಪದ್ಯವನ್ನು ಸರಳವಾದ ಎರಡು ವಾಕ್ಯಗಳ ಗದ್ಯಕ್ಕೆ ಇಳಿಸಬೇಕು. ಪದ್ಯವು ಭಾಮಿನಿ ಷಟ್ಪದಿಯೋ ವಾರ್ಧಕ ಷಟ್ಪದಿಯೋ ತಾಳಕ್ಕೆ ಹಾಡುವ ಪದವೋ ಎಂಬುದನ್ನು ಭಾಗವತರನ್ನು ಕೇಳಿ ತಿಳಿದುಕೊಂಡರೆ ಒಳ್ಳೆಯದು, ಏಕೆಂದರೆ ಹಾಡು ಎಲ್ಲಿ ನಿಲ್ಲುತ್ತದೆಂಬುದು ಗೊತ್ತಿಲ್ಲದವನು ಮದ್ದಳೆಯ ಮುಕ್ತಾಯಕ್ಕೆ ಮೊದಲೇ ಬಾಯಿ ತೆರೆದು ಸಭೆಯ ಮುಂದೆ ಪೆಚ್ಚಾಗುತ್ತಾನೆ.

ವಿದುರನಿಗೆ ಸರಕು ಕೂಡಿಸುವುದು

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ಮುಂದಿನ ಎಲ್ಲವೂ ಇದನ್ನೇ ನೆಚ್ಚಿಕೊಂಡಿದೆ. ಸನ್ನಿವೇಶ ಹೀಗಿದೆ. ಸಂಧಾನಕ್ಕೆಂದು ಹಸ್ತಿನಾವತಿಗೆ ಬಂದ ಕೃಷ್ಣ ಅರಮನೆಯ ಸತ್ಕಾರವನ್ನು ಬಿಟ್ಟು ವಿದುರನ ಮನೆಗೆ ಹೋಗುತ್ತಾನೆ. ಮರುದಿನ ಸಭೆಯಲ್ಲಿ ಕೌರವನಿಗೆ ಅದೇ ಸಿಟ್ಟು: ಭೀಷ್ಮದ್ರೋಣರ ಮನೆಗಳಿರುವಾಗ ತೊತ್ತಿನ ಮಗನ ಮನೆಯಲ್ಲಿ ಉಂಡದ್ದೇಕೆ ಎಂದು ಕೃಷ್ಣನನ್ನು ಕೇಳುವ ನೆಪದಲ್ಲಿ ವಿದುರನನ್ನು ಹೀಯಾಳಿಸುತ್ತಾನೆ. ವಿದುರ ತನ್ನ ಬಿಲ್ಲನ್ನು ಸಭೆಯಲ್ಲಿಯೇ ಮುರಿದುಹಾಕುತ್ತಾನೆ, ಕೌರವನ ಪರವಾಗಿ ಇನ್ನು ಯುದ್ಧಕ್ಕೆ ಇಳಿಯುವುದಿಲ್ಲ ಎನ್ನುತ್ತಾನೆ. ಕುಮಾರವ್ಯಾಸನ ಉದ್ಯೋಗಪರ್ವದಲ್ಲಿ ಈ ಸಂದರ್ಭ ಬರುತ್ತದೆ. ಅದನ್ನು ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಬೇಕು.

ಈಗ ಒಂದು ಹಾಳೆಯಲ್ಲಿ ವಿದುರನ ಬದುಕನ್ನು ಬರೆಯಿರಿ. ವ್ಯಾಸರಿಗೆ ಅಂಬಿಕೆಯ ದಾಸಿಯಲ್ಲಿ ಹುಟ್ಟಿದವನು. ಧೃತರಾಷ್ಟ್ರ, ಪಾಂಡು ಇಬ್ಬರಿಗೂ ತಮ್ಮ. ಅರಗಿನ ಮನೆಯ ಅಪಾಯವನ್ನು ಧರ್ಮರಾಯನಿಗೆ ಗೂಢವಾದ ಮಾತಿನಲ್ಲಿ ತಿಳಿಸಿದವನು, ಸುರಂಗ ತೋಡಲು ಆಳನ್ನು ಕಳುಹಿಸಿದವನು. ದ್ಯೂತ ಬೇಡವೆಂದು ಹೇಳಿದವನೂ ಅವನೇ, ಅಣ್ಣನ ಆಜ್ಞೆಯಂತೆ ಪಾಂಡವರನ್ನು ಅದೇ ದ್ಯೂತಕ್ಕೆ ಕರೆದುತಂದವನೂ ಅವನೇ. ಪಾಂಡವರು ಕಾಡಿಗೆ ಹೋದಾಗ ಕುಂತಿಗೆ ಮನೆಯಲ್ಲಿ ಜಾಗ ಕೊಟ್ಟವನು. ಇಷ್ಟು ಬರೆದ ಮೇಲೆ ಪ್ರತಿಯೊಂದರ ಮುಂದೆಯೂ ಒಂದು ಪ್ರಶ್ನೆ ಹಾಕಿಕೊಳ್ಳಿ: ಕೌರವನು ಇದನ್ನೇ ಹಿಡಿದು ನನ್ನನ್ನು ಚುಚ್ಚಿದರೆ ನನ್ನ ಉತ್ತರವೇನು? ಉದಾಹರಣೆಗೆ, 'ದ್ಯೂತ ಕೆಟ್ಟದ್ದೆಂದು ತಿಳಿದಿದ್ದ ನೀನೇ ಅವರನ್ನು ಕರೆಯಲು ಹೋದೆಯಲ್ಲ, ಆಗ ಎಲ್ಲಿತ್ತು ನಿನ್ನ ಧರ್ಮ?' ಎಂದು ಕೇಳಿದರೆ ವಿದುರ ಏನು ಹೇಳಬೇಕು? ಅಣ್ಣನ ಅನ್ನ ಉಂಡವನು ಆಜ್ಞೆ ಮೀರಲಾರೆ ಎನ್ನಬಹುದು. ಆದರೆ ಅದನ್ನು ಹೇಳಿದ ಮರುಗಳಿಗೆಯೇ, 'ಹಾಗಾದರೆ ಇಂದು ಬಿಲ್ಲನ್ನು ಮುರಿಯುವಾಗ ಆ ಅನ್ನದ ಋಣ ಎಲ್ಲಿ ಹೋಯಿತು?' ಎಂಬ ಪ್ರಶ್ನೆ ಬಂದೇ ಬರುತ್ತದೆ. ಇಂಥ ಕೊಂಡಿಗಳನ್ನು ಮೂರು ಸುತ್ತಿನ ತನಕ ನೀವೇ ಯೋಚಿಸಿಟ್ಟುಕೊಂಡರೆ ಕೂಟದ ದಿನ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಪರಿಚಿತವಾಗಿರುತ್ತವೆ.

ಬಿಲ್ಲು ಮುರಿದದ್ದು ಸಿಟ್ಟಿನಿಂದಲೋ ವಿರಕ್ತಿಯಿಂದಲೋ ಎಂಬುದನ್ನು ನೀವೇ ತೀರ್ಮಾನಿಸಬೇಕು. ಸಿಟ್ಟೆಂದು ಹಿಡಿದರೆ ಮಾತು ಚಿಕ್ಕದಾಗುತ್ತದೆ, ದನಿ ಏರುತ್ತದೆ. ವಿರಕ್ತಿಯೆಂದು ಹಿಡಿದರೆ ಮಾತು ನಿಧಾನವಾಗುತ್ತದೆ, ಕೌರವನ ಮೇಲೆ ಕನಿಕರವೂ ಕಾಣಿಸಿಕೊಳ್ಳುತ್ತದೆ. ವಿದುರನನ್ನು ಯುದ್ಧದಿಂದ ದೂರವಿಡಲು ಕೃಷ್ಣನೇ ಬೇಕೆಂದು ಅವನ ಮನೆಗೆ ಹೋದನೆಂಬ ವ್ಯಾಖ್ಯಾನವನ್ನೂ ಹಿರಿಯರು ಹೇಳುವುದುಂಟು. ಅದನ್ನು ಒಪ್ಪಿದರೆ ವಿದುರನಿಗೆ ಆ ತಂತ್ರ ತಿಳಿದಿತ್ತೇ ಎಂಬ ಇನ್ನೊಂದು ಪ್ರಶ್ನೆ ಏಳುತ್ತದೆ. ಕಳೆದ ವರ್ಷ ವಾಣಿಜ್ಯ ವಿಭಾಗದ ವಿದ್ಯಾರ್ಥಿನಿಯೊಬ್ಬಳು ಅಭ್ಯಾಸದ ವೇಳೆ ಬಿಲ್ಲು ಮುರಿದ ಮೇಲೆ ಏನೂ ಹೇಳದೆ ಕುಳಿತಳು. ಮರೆತಿರಬೇಕೆಂದು ನಾನು ಸನ್ನೆ ಮಾಡಿದೆ. ಅವಳು ಹತ್ತು ಸೆಕೆಂಡು ಬಿಟ್ಟು, 'ಸುಯೋಧನಾ, ಮುರಿದ ಸದ್ದು ಕೇಳಿಸಿತೇ? ಅದು ಬಿಲ್ಲಿನದ್ದೆಂದು ತಿಳಿಯಬೇಡ' ಎಂದಳು. ಒಂದು ಸೆಮಿಸ್ಟರಿನ ಉದ್ದಕ್ಕೂ ನನ್ನ ತರಗತಿಯಲ್ಲಿ ಹಾಜರಿ ಹೇಳಲು ಮಾತ್ರ ದನಿ ತೆಗೆಯುತ್ತಿದ್ದ ಹುಡುಗಿ ಅವಳು.

ಸರಕು ಕೂಡಿಸುವುದೆಂದರೆ ಬಾಯಿಪಾಠ ಮಾಡುವುದೆಂದು ತಿಳಿಯಬಾರದು. ಪದವಿಯ ಎರಡನೆಯ ವರ್ಷದಲ್ಲಿ ನಾನು ಮಾಡಿದ ತಪ್ಪು ಇದೇ. ನಾಲ್ಕು ಪುಟ ಬರೆದು, ಅಲ್ಪವಿರಾಮವನ್ನೂ ಬಿಡದಂತೆ ಉರುಹೊಡೆದು ಹೋಗಿದ್ದೆ. ಎರಡನೆಯ ಪುಟದ ನಡುವೆ ಎದುರಿನ ಅರ್ಥಧಾರಿ ನನ್ನ ಪುಟಗಳಲ್ಲಿಲ್ಲದ ಪ್ರಶ್ನೆಯೊಂದನ್ನು ಬಲು ಸೌಮ್ಯವಾಗಿ ಕೇಳಿದರು. ನನಗೆ ಆ ಪ್ರಶ್ನೆಯೂ ಅರ್ಥವಾಗಲಿಲ್ಲ, ಮೂರನೆಯ ಪುಟದ ಆರಂಭವೂ ನೆನಪಾಗಲಿಲ್ಲ. ಮೈಕಿನಲ್ಲಿ ನನ್ನ ಉಸಿರು ಮಾತ್ರ ಕೇಳಿಸುತ್ತಿತ್ತು. ಭಾಗವತರು ನನ್ನ ಮುಖ ನೋಡಿ ಮುಂದಿನ ಪದ್ಯವನ್ನು ಎತ್ತಿ ಮಾನ ಉಳಿಸಿದರು. ಅಂದಿನಿಂದ ನಾನು ಪೂರ್ತಿ ವಾಕ್ಯಗಳನ್ನು ಬರೆಯುವುದನ್ನು ಬಿಟ್ಟಿದ್ದೇನೆ. ಮಾತಿನ ಹೆಜ್ಜೆಗಳನ್ನು ಒಂದೊಂದು ಶಬ್ದದಲ್ಲಿ, ಹೆಚ್ಚೆಂದರೆ ಏಳು ಶಬ್ದಗಳಲ್ಲಿ ಗುರುತಿಟ್ಟುಕೊಂಡು, ವಾಕ್ಯವನ್ನು ಪ್ರತಿಸಲವೂ ಹೊಸದಾಗಿ ಕಟ್ಟುವುದು ಕಲಿಯಬೇಕಾದ ಕೆಲಸ. ಪೀಠಿಕೆಯೊಂದನ್ನು ಮಾತ್ರ, ಮೂರು ನಿಮಿಷಕ್ಕೆ ಮೀರದಂತೆ, ಸ್ವಲ್ಪ ಗಟ್ಟಿಮಾಡಿಕೊಳ್ಳಬಹುದು. ಆರಂಭದ ನಡುಕವನ್ನು ದಾಟಲು ಅಷ್ಟು ಆಸರೆ ಬೇಕಾಗುತ್ತದೆ.

ಭಾಷೆ ಮತ್ತು ದನಿ

ತಾಳಮದ್ದಳೆಯ ಕನ್ನಡ ಪುಸ್ತಕದ ಕನ್ನಡ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಅಥವಾ ಹವ್ಯಕ ಮಾತನಾಡುವವರಿಗೂ, ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೂ ಅದು ತಕ್ಷಣ ನಾಲಿಗೆಗೆ ಬರುವುದಿಲ್ಲ. ಇದಕ್ಕೆ ನಾನು ಮಾಡಿಸುವ ಅಭ್ಯಾಸ ಬಲು ಸರಳ: ಬೆಳಿಗ್ಗೆ ಬಸ್ಸು ತಪ್ಪಿಹೋದ ಕಥೆಯನ್ನು ಒಂದೂ ಇಂಗ್ಲಿಷ್ ಶಬ್ದವಿಲ್ಲದೆ, ಗ್ರಾಂಥಿಕ ಕನ್ನಡದಲ್ಲಿ, ಐದು ನಿಮಿಷ ಹೇಳಬೇಕು. ಮೊದಲ ದಿನ ಎಲ್ಲರೂ ನಗುತ್ತಾರೆ, 'ಶಕಟವು ಹೊರಟುಹೋಯಿತು' ಎಂಬಲ್ಲಿಗೆ ಕಥೆ ನಿಂತುಬಿಡುತ್ತದೆ. ಹದಿನೈದು ದಿನ ಬಿಡದೆ ಮಾಡಿದರೆ ವಾಕ್ಯಗಳು ಕ್ರಿಯಾಪದದ ತನಕ ತಾವಾಗಿ ಹರಿಯತೊಡಗುತ್ತವೆ. ಆರಂಭಿಸಿದ ವಾಕ್ಯವನ್ನು ಮುಗಿಸಿಯೇ ತೀರಬೇಕೆಂಬುದು ಈ ಅಭ್ಯಾಸದ ಒಂದೇ ಕಟ್ಟಳೆ. ಅಂಜಿದವನ ಮಾತು ತುಂಡಾಗುವುದು ಯಾವಾಗಲೂ ವಾಕ್ಯದ ನಡುವಿನಲ್ಲಿಯೇ.

ದನಿಗಾಗಿ ಹಾರ್ಮೋನಿಯಂ ಅಥವಾ ಫೋನಿನ ಶ್ರುತಿಪೆಟ್ಟಿಗೆಯ ಆಪ್ ಹಾಕಿಕೊಂಡು, ಆ ಶ್ರುತಿಗೆ ಸಮೀಪದಲ್ಲಿ ಮಾತನಾಡುವುದನ್ನು ಅಭ್ಯಾಸ ಮಾಡಬೇಕು. ಹಾಡು ನಿಂತ ಶ್ರುತಿಯಲ್ಲಿಯೇ ಮಾತು ಎದ್ದರೆ ಕೇಳುಗರಿಗೂ ಹಿತ, ಗಂಟಲಿಗೂ ಹಿತ.

ಎದುರಾಳಿಯ ಜಾಗದಲ್ಲಿ ಕುಳಿತು ನೋಡುವುದು

ಒಬ್ಬರೇ ಕೋಣೆಯಲ್ಲಿ ಎಷ್ಟು ಅಭ್ಯಾಸ ಮಾಡಿದರೂ ಅದು ಅರ್ಧ ಕಲಿಕೆ. ಜೊತೆಗೊಬ್ಬ ಗೆಳೆಯನನ್ನೋ ಗೆಳತಿಯನ್ನೋ ಕೂರಿಸಿಕೊಂಡು, ಇವತ್ತು ನೀವು ವಿದುರನಾದರೆ ನಾಳೆ ಕೌರವನಾಗಬೇಕು. ಕೌರವನಾಗಿ ಕುಳಿತ ದಿನ ವಿದುರನ ಮಾತಿನ ಬಿರುಕುಗಳು ನಿಚ್ಚಳವಾಗಿ ಕಾಣುತ್ತವೆ. ಜೊತೆಗೆ ಕೌರವನಿಗೂ ಹೇಳುವುದಕ್ಕೆ ಒಂದು ಪಕ್ಷವಿದೆಯೆಂಬುದು, ಅವನನ್ನು ಮೂರ್ಖನನ್ನಾಗಿ ಮಾಡಿ ಗೆದ್ದರೆ ವಿದುರನ ಗೆಲುವೂ ಹಗುರವಾಗುತ್ತದೆಂಬುದು ತಿಳಿಯುತ್ತದೆ. ಅಭ್ಯಾಸಕ್ಕೆ ಒಂದು ನಿಯಮ ಇಟ್ಟುಕೊಳ್ಳಿ: ಎದುರಿನವರು ಹೇಳಿದ ಕೊನೆಯ ವಾಕ್ಯದ ಒಂದು ಶಬ್ದವಾದರೂ ನಿಮ್ಮ ಮೊದಲ ವಾಕ್ಯದಲ್ಲಿ ಬರಬೇಕು. ಹಾಗೆ ಮಾಡಬೇಕಾದರೆ ಅವರ ಮಾತನ್ನು ಕೊನೆಯ ತನಕ ಕೇಳಲೇಬೇಕಾಗುತ್ತದೆ. ಕೇಳುತ್ತಿರುವವನ ತಲೆಯಲ್ಲಿ 'ನನ್ನ ಕೈ ನಡುಗುತ್ತಿದೆಯೇ, ಜನ ಏನೆಂದುಕೊಳ್ಳುತ್ತಾರೆ' ಎಂಬ ಯೋಚನೆಗೆ ಜಾಗ ಉಳಿಯುವುದಿಲ್ಲ. ವೈವಾದಲ್ಲಿಯೂ ಉದ್ಯೋಗದ ಸಂದರ್ಶನದಲ್ಲಿಯೂ ನನ್ನ ವಿದ್ಯಾರ್ಥಿಗಳಿಗೆ ಹೆಚ್ಚು ನೆರವಾದದ್ದು ಈ ಒಂದು ನಿಯಮವೆಂದು ಅವರೇ ಬಂದು ಹೇಳಿದ್ದಾರೆ.

ಕೂಟದ ದಿನ

ಎದುರು ಕೂರುವ ಹಿರಿಯರನ್ನು ಮುಂಚಿತವಾಗಿ ಕಂಡು, ಇದು ನಿಮ್ಮ ಮೊದಲ ಕೂಟವೆಂದು ತಿಳಿಸಿ, ಪದ್ಯಗಳಲ್ಲಿ ಯಾವುದನ್ನು ಎತ್ತುತ್ತಾರೆ, ಯಾವುದನ್ನು ಬಿಡುತ್ತಾರೆ ಎಂಬುದನ್ನು ಭಾಗವತರೊಡನೆ ಗೊತ್ತುಮಾಡಿಕೊಳ್ಳಬೇಕು. ಇದರಲ್ಲಿ ನಾಚಿಕೆಯಿಲ್ಲ, ಅನುಭವಿಗಳೂ ಸಂಕೋಚವಿಲ್ಲದೆ ಮಾಡುವ ಕೆಲಸವಿದು. ಹೆಚ್ಚಿನ ಹಿರಿಯರು ಹೊಸಬರನ್ನು ನಡೆಸಿಕೊಂಡು ಹೋಗುತ್ತಾರೆ. ಕೆಲವರಿಗೆ ಮಾತ್ರ ಹುಡುಗರನ್ನು ಕೊಕ್ಕೆಪ್ರಶ್ನೆಗಳಿಂದ ಕೆಡಹುವ ಹುಮ್ಮಸ್ಸು ಇರುತ್ತದೆ. ಅದು ಕಲೆಯ ಗುಣವಲ್ಲ, ಅವರವರ ಗುಣ. ಅಂಥ ಪ್ರಶ್ನೆ ಬಂದರೆ ಪದ್ಯಕ್ಕೆ ಮರಳುವುದು ದಾರಿ. 'ಅದಿರಲಿ, ಈಗ ನೀನು ಹೇಳಿದ್ದು ಇಷ್ಟು' ಎಂದು ಪದ್ಯದ ಶಬ್ದವೊಂದನ್ನು ಹಿಡಿದು ಮಾತನ್ನು ಮುಂದುವರಿಸಬಹುದು, ಅದೂ ಆಗದಿದ್ದರೆ ಭಾಗವತರ ಕಡೆಗೆ ನೋಡಬಹುದು. ಅವರ ಕೈಯಲ್ಲಿ ಜಾಗಟೆಯೋ ತಾಳವೋ ಇರುವುದು ಇದಕ್ಕಾಗಿಯೂ ಹೌದು.

ಮೈಕಿನಿಂದ ಒಂದು ಗೇಣು ದೂರದಲ್ಲಿ, ಬೆನ್ನು ನೆಟ್ಟಗೆ ಮಾಡಿ ಕುಳಿತುಕೊಳ್ಳಿ. ಕೈಗಳು ತೊಡೆಯ ಮೇಲಿರಲಿ. ಬಿಸಿನೀರು ಪಕ್ಕದಲ್ಲಿರಲಿ, ಹೊಟ್ಟೆ ತುಂಬ ಊಟ ಬೇಡ. ಎದೆ ಬಡಿದುಕೊಂಡರೆ ಬಡಿದುಕೊಳ್ಳಲಿ. ನಲವತ್ತು ವರ್ಷ ಅರ್ಥ ಹೇಳಿದವರೂ ಮೊದಲ ಪದ್ಯದ ಹೊತ್ತಿಗೆ ಅಂಗೈ ಒರೆಸಿಕೊಳ್ಳುವುದನ್ನು ನಾನು ಪಕ್ಕದಲ್ಲಿ ಕುಳಿತು ಕಂಡಿದ್ದೇನೆ. ಆದರೆ ಅಂಜಿಕೆಯಿಂದ ನಿದ್ದೆಯೂ ಊಟವೂ ತಪ್ಪಿ, ತರಗತಿಗೆ ಹೋಗುವುದೇ ಕಷ್ಟವಾಗುತ್ತಿದ್ದರೆ ಅದು ಕಲೆಯೊಂದರಿಂದಲೇ ಪರಿಹಾರವಾಗುವ ಸಂಗತಿಯಲ್ಲ. ಕಾಲೇಜಿನ ಆಪ್ತಸಮಾಲೋಚಕರನ್ನು ಕಾಣಬೇಕು, ಅಥವಾ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆಮಾಡಬೇಕು.

ಕೂಟ ಮುಗಿದ ರಾತ್ರಿ ಯಾರ ಅಭಿಪ್ರಾಯವನ್ನೂ ಕೇಳಬೇಡಿ. ಹೊಗಳಿದವರ ಮಾತು ಆ ಹೊತ್ತಿನಲ್ಲಿ ತಲೆಗೇರುತ್ತದೆ, ತೆಗಳಿದವರ ಮಾತು ವಾರಗಟ್ಟಲೆ ಕೊರೆಯುತ್ತದೆ. ಎರಡು ದಿನ ಬಿಟ್ಟು ಧ್ವನಿಮುದ್ರಣವನ್ನು ಒಮ್ಮೆ ಪೂರ್ತಿ ಕೇಳಿ, ಎಲ್ಲೆಲ್ಲಿ ಎದುರಿನವರ ಮಾತು ಮುಗಿಯುವ ಮುನ್ನವೇ ನೀವು ಮಾತೆತ್ತಿದಿರಿ ಎಂಬುದನ್ನು ಗುರುತು ಹಾಕಿಕೊಳ್ಳಿ. ಆಮೇಲೆ ಭಾಗವತರೊಬ್ಬರನ್ನು, ಎದುರು ಕುಳಿತವರೊಬ್ಬರನ್ನು, ಹೀಗೆ ಇಬ್ಬರನ್ನು ಮಾತ್ರ ಕೇಳಿದರೆ ಸಾಕು. ಮುಂದಿನ ಕೂಟಕ್ಕೂ ಅದೇ ವಿದುರನನ್ನೇ ಕೇಳಿ ಪಡೆಯಿರಿ. ಎದುರಿನ ಕೌರವ ಮಾತ್ರ ಬೇರೆಯವರಾಗಿರಲಿ.